ತಂಡದ ಹಿಂದೆ ಊರೂ ಹೊರಡಲಿ

2025ರ ಆಗಸ್ಟ್ 23, ಶನಿವಾರ. ಗಣಪತಿ ಹಬ್ಬಕ್ಕೆ ಇನ್ನು ನಾಲ್ಕೇ ದಿನ. ಹೊಲದಲ್ಲಿ ಹೆಸರುಕಾಯಿ ಬಿಡಿಸಿ ದಣಿದು ಬಂದಿದ್ದ ಅವ್ವ ಆಗಲೇ ಮಲಗಿದ್ದಳು. ನಾನು ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತ ಕುಳಿತಿದ್ದೆ. ಒಂಬತ್ತೂವರೆ ದಾಟಿರಬೇಕು, ಐರ್ಲೆಂಡಿನ ಡಬ್ಲಿನ್‌ನಿಂದ ದೊಡ್ಡಪ್ಪನ ಮಗಳು ವಿಡಿಯೊ ಕಾಲ್ ಮಾಡಿದಳು.

ಅಕ್ಕ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಬ್ಯಾಂಕ್ ಸಾಲ ತೆಗೆದು ಎಂಎಸ್ಸಿ ಓದಲು ಹೋದವಳು. ವಿದ್ಯಾರ್ಥಿ ವೀಸಾದಲ್ಲಿ ಇರುವವರು ಅಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ಬೇಸಿಗೆ ರಜೆಯಲ್ಲಿ 40 ಗಂಟೆ ದುಡಿಯಬಹುದು. ಆ ದಿನ ಅವಳಿಗೆ ಅವೀವಾ ಕ್ರೀಡಾಂಗಣದ ತಿಂಡಿ ಮಳಿಗೆಯಲ್ಲಿ ಕೆಲಸ ಸಿಕ್ಕಿತ್ತು.

‘ಮ್ಯಾಚ್ ಶುರುವಾತು, ಗಿರಾಕಿ ಎಲ್ಲಾ ಒಳಗ ಹೋದ್ರು. ಈಗ ಉಸಿರು ಬಿಟ್ಟೆ ನೋಡು’ ಎಂದಳು. ‘ಯಾವ ಮ್ಯಾಚ್?’ ಅಂದೆ. ‘ಅಮೆರಿಕದ ಎರಡು ಕಾಲೇಜಿನ ಹುಡುಗೂರು ಆಡಾಕತ್ತಾರ. ಅವರನ್ನ ನೋಡಾಕ ಅಮೆರಿಕದಿಂದ ಮಂದಿ ವಿಮಾನ ಹತ್ತಿ ಬಂದಾರ. ಅಜ್ಜ, ಅಜ್ಜಿ, ಕೂಸು, ಕುನ್ನಿ ಎಲ್ಲಾರೂ!’

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಕಾಲೇಜು ತಂಡ, ಪರಸ್ಥಳ, ಜತೆಗೆ ಬಂದ ಜನ ಎಂಬ ಮಾತುಗಳನ್ನು ಕೇಳಿದ್ದೇ ತಡ, ಮನಸ್ಸು ಮೂರು ವರ್ಷ ಹಿಂದಕ್ಕೆ ಓಡಿತು.

ಆಡದೇ ಸೋತ ಪಂದ್ಯ

2022ರ ಡಿಸೆಂಬರ್. ನಾನಾಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ನಮ್ಮ ಕಾಲೇಜಿನ ಹುಡುಗಿಯರ ಖೋಖೋ ತಂಡ ನರಗುಂದದಲ್ಲಿ ನಡೆದ ಪಂದ್ಯದಲ್ಲಿ ಗೆದ್ದಿತ್ತು. ಬಾಬಾಸಾಹೇಬರ ಕೋಟೆಯಿದ್ದ ಗುಡ್ಡ ಕಾಣುವ ಆ ಮೈದಾನದಲ್ಲಿ ಕೊನೆಯ ಖೋ ಕೊಟ್ಟು ಅಂಗಾತ ಬಿದ್ದಿದ್ದು, ಮೂಗಿನೊಳಗೆ ಕರಿಮಣ್ಣಿನ ಧೂಳು ಹೊಕ್ಕಿದ್ದು ಇನ್ನೂ ನೆನಪಿದೆ. ಮುಂದಿನ ಸುತ್ತು ಘಟ್ಟದ ಕೆಳಗಿನ ಊರಿನಲ್ಲಿತ್ತು. ಎರಡು ರಾತ್ರಿ ಅಲ್ಲಿಯೇ ಉಳಿಯಬೇಕಿತ್ತು.

ಕಾಲೇಜಿನಲ್ಲಿ ಕೇಳಿದರೆ, ‘ಸದ್ಯ ಖರ್ಚು ನೀವೇ ಹಾಕ್ಕೊಂಡು ಹೋಗ್ರಿ, ಬಿಲ್ ತಂದ ಮ್ಯಾಲೆ ನೋಡೋಣು’ ಎಂಬ ಉತ್ತರ ಬಂತು. ಮನೆಯಲ್ಲಿ ಕೇಳಿದರೆ ಅಪ್ಪ ಒಂದೇ ಮಾತು ಹೇಳಿದ: ‘ಎರಡು ರಾತ್ರಿ ಹೊರಗ ಅಂದ್ರ ಬ್ಯಾಡವ್ವಾ. ನಾಳೆ ಏನರ ಆದ್ರ ಯಾರನ್ನ ಕೇಳೋಣು?’ ಇನ್ನೂ ನಾಲ್ಕು ಮನೆಗಳಲ್ಲಿ ಇದೇ ಮಾತು. ಖೋಖೋ ಕಣಕ್ಕೆ ಇಳಿಯಲು ಒಂಬತ್ತು ಜನ ಬೇಕು. ನಾವು ಉಳಿದದ್ದು ಏಳು. ವಾಕ್‌ಓವರ್ ಕೊಟ್ಟೆವು. ಎದುರಾಳಿಯ ಮುಖವನ್ನೂ ನೋಡದೆ ಸೋತೆವು.

ಅಂದಿನಿಂದ ಇಂದಿನವರೆಗೆ ಎಷ್ಟೋ ಅರ್ಜಿ ತುಂಬಿದ್ದೇನೆ. ‘ಕ್ರೀಡಾ ಕೋಟಾ’ ಎಂಬ ಕಾಲಂ ಬಂದಾಗಲೆಲ್ಲ ಅದನ್ನು ಖಾಲಿ ಬಿಟ್ಟು ಕೆಳಗಿನ ಸಾಲಿಗೆ ಹೋಗುತ್ತೇನೆ. ಹೀಗಾಗಿ ಅಕ್ಕ ತೋರಿಸಿದ ಆ ಜನಜಾತ್ರೆ ನನ್ನನ್ನು ಕೆಣಕಿತು. ಗಜೇಂದ್ರಗಡದ ಗ್ರಂಥಾಲಯದಲ್ಲಿ ಓದಲು ಕುಳಿತಾಗೆಲ್ಲ, ನೋಟ್ಸಿನ ನಡುನಡುವೆ, ಈ ಆಟದ ಬಗ್ಗೆ ಹುಡುಕತೊಡಗಿದೆ.

ಬಿಳಿಜೋಳದ ನಾಡಿನವರೇ!

ಮೊದಲು ಆಟದ ಬಗ್ಗೆ ಎರಡು ಮಾತು. ಅಮೆರಿಕನ್ನರು ಫುಟ್‌ಬಾಲ್ ಎನ್ನುವುದು ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ತೆಂಗಿನಕಾಯಿಯಂತೆ ಎರಡು ಕಡೆ ಚೂಪಾದ ಚೆಂಡನ್ನು ಎದೆಗವಚಿ ಓಡಬೇಕು, ಇಲ್ಲವೇ ಮುಂದಿರುವ ಗೆಳೆಯನಿಗೆ ಎಸೆಯಬೇಕು. ಕಡೆಗೆ ಹನ್ನೊಂದು ಜನ. ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ನಾಲ್ಕರೊಳಗೆ ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಎದುರಾಳಿಯ ಕೈಗೆ ಹೋಗುತ್ತದೆ. ಕಬಡ್ಡಿಯಲ್ಲಿ ಗೆರೆ ಮುಟ್ಟಲು ಮೈಯೆಲ್ಲ ಚಾಚುವುದನ್ನು ಕಂಡವರಿಗೆ ಇದರ ರುಚಿ ಹತ್ತುವುದು ಕಷ್ಟವಲ್ಲ.

ಆ ದಿನ ಆಡಿದವರು ಅಯೋವಾ ಸ್ಟೇಟ್ ಮತ್ತು ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯಗಳ ಹುಡುಗರು. ಎರಡೂ ಕೃಷಿಯನ್ನು ಕಲಿಸಲೆಂದೇ ಬೆಳೆದು ಬಂದ ಸಂಸ್ಥೆಗಳು. 1862ರಲ್ಲಿ ಅಮೆರಿಕ ಮಾಡಿದ ಮೊರಿಲ್ ಕಾಯ್ದೆಯಂತೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ಭೂಮಿ ಕೊಟ್ಟಿತು. ಅದರಿಂದ ಬಂದ ಹಣದಲ್ಲಿ ರೈತರ, ಕುಶಲಕರ್ಮಿಗಳ ಮಕ್ಕಳಿಗೆ ಕಾಲೇಜು ನಡೆಸಬೇಕಿತ್ತು. ಇದಕ್ಕೆ ಮೊದಲು ಒಪ್ಪಿದ ರಾಜ್ಯ ಅಯೋವಾ. ಅಲ್ಲಿ ಮೆಕ್ಕೆಜೋಳ, ಸೋಯಾ ಬೆಳೆಯುತ್ತಾರೆ. ಕ್ಯಾನ್ಸಾಸ್‌ನಲ್ಲಿ ಗೋಧಿಯ ಜತೆಗೆ ಜೋಳವೂ ಉಂಟು. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಅದು. ರೋಣದ ಎರೆಹೊಲದ ಬಿಳಿಜೋಳದ ರೊಟ್ಟಿ ತಿಂದು ಬೆಳೆದ ನನಗೆ ಇದನ್ನು ಓದಿ ಒಂದು ಥರದ ಸಲುಗೆ ಹುಟ್ಟಿತು.

ಈ ಎರಡು ತಂಡಗಳು 1917ರಿಂದ ಒಂದು ವರ್ಷವೂ ತಪ್ಪಿಸದೆ ಎದುರಾಗುತ್ತ ಬಂದಿವೆ. ‘ಫಾರ್ಮ್’ ಎಂದರೆ ಹೊಲ. ‘ಆರ್ಮಗೆಡ್ಡನ್’ ಎಂದರೆ ಲೋಕಾಂತ್ಯದ ಮಹಾಯುದ್ಧ. ಎರಡನ್ನೂ ಸೇರಿಸಿ ಈ ಪಂದ್ಯವನ್ನು ‘ಫಾರ್ಮಗೆಡ್ಡನ್’ ಎಂದು ಕರೆಯುತ್ತಾರೆ. ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೂ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೂ ಒಂದು ಆಟವಿದೆ, ಅದನ್ನು ನೋಡಲು ಎರಡೂ ಕಡೆಯ ರೈತರು ಕಡಲು ದಾಟಿ ಹೋಗಿದ್ದಾರೆ ಎಂದು ಊಹಿಸಿಕೊಳ್ಳಿ. ಡಬ್ಲಿನ್‌ನಲ್ಲಿ ಆ ದಿನ ನಡೆದದ್ದು ಅದೇ. ಸುಮಾರು 47 ಸಾವಿರ ಜನ ಸೇರಿದ್ದರು. ಅಯೋವಾ ಸ್ಟೇಟ್ 24–21ರಿಂದ ಗೆದ್ದಿತು. ಕೊನೆಯ ನಿಮಿಷಗಳಲ್ಲಿ ನಾಲ್ಕನೇ ಅವಕಾಶದಲ್ಲಿ ಇನ್ನೂ ಮೂರು ಗಜ ಬೇಕಿತ್ತು. ಸುರಕ್ಷಿತವಾಗಿ ಚೆಂಡನ್ನು ಗೋಲಿನತ್ತ ಒದ್ದು ಮೂರು ಅಂಕ ಗಳಿಸಲು ನೋಡುವ ಬದಲು ಆ ಹುಡುಗರು ಮುನ್ನುಗ್ಗಿ ಗೆರೆ ದಾಟಿದರು. ಆ ತುಣುಕನ್ನು ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಹವಾನಾದಿಂದ ಡಬ್ಲಿನ್‌ವರೆಗೆ

ಕಾಲೇಜು ತಂಡಗಳು ಹೀಗೆ ದೇಶ ದಾಟುವುದು ಹೊಸದೇನಲ್ಲ. 1907ರ ಕ್ರಿಸ್‌ಮಸ್ ದಿನ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಕ್ಯೂಬಾಕ್ಕೆ ಹೋಗಿ ಹವಾನಾ ವಿಶ್ವವಿದ್ಯಾಲಯದ ತಂಡವನ್ನು 56–0ಯಿಂದ ಸೋಲಿಸಿತ್ತು. 1977ರಿಂದ ಜಪಾನಿನ ಟೋಕಿಯೊದಲ್ಲಿ ಕಾರು ಕಂಪನಿಯಾದ ಮಿತ್ಸುಬಿಷಿಯ ಪ್ರಾಯೋಜಕತ್ವದಲ್ಲಿ ‘ಮಿರಾಜ್ ಬೌಲ್’ ಎಂಬ ಪಂದ್ಯ ವರ್ಷವರ್ಷ ನಡೆಯಿತು. ಮೊದಲ ವರ್ಷ ಗೆದ್ದದ್ದು ಗ್ರ್ಯಾಂಬ್ಲಿಂಗ್ ಸ್ಟೇಟ್. ಅದು ಕಪ್ಪು ಜನರ ಶಿಕ್ಷಣಕ್ಕೆಂದೇ ಹುಟ್ಟಿದ ಸಂಸ್ಥೆ. 1988ರಲ್ಲಿ ಒಕ್ಲಹೋಮಾ ಸ್ಟೇಟ್‌ನ ಬ್ಯಾರಿ ಸ್ಯಾಂಡರ್ಸ್ ಎಂಬ ವಿದ್ಯಾರ್ಥಿಗೆ ಅಮೆರಿಕದ ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಗೌರವವಾದ ಹೈಸ್ಮನ್ ಟ್ರೋಫಿ ಸಿಕ್ಕ ಸುದ್ದಿ ಮುಟ್ಟಿದ್ದು ಟೋಕಿಯೊದಲ್ಲಿ. ಅದೇ ದಿನ ಮೈದಾನಕ್ಕಿಳಿದು ಅವನು ಒಟ್ಟು 332 ಗಜ ಓಡಿದ.

ಅದೇ 1988ರ ನವೆಂಬರ್‌ನಲ್ಲಿ ಡಬ್ಲಿನ್‌ನಲ್ಲಿ ಬಾಸ್ಟನ್ ಕಾಲೇಜು ಮತ್ತು ಅಮೆರಿಕದ ಸೇನಾ ಅಕಾಡೆಮಿಯ ತಂಡಗಳು ಆಡಿದವು. ಬಾಸ್ಟನ್ 38–24ರಿಂದ ಗೆದ್ದಿತು. ಐರ್ಲೆಂಡನ್ನೇ ಆರಿಸಿಕೊಳ್ಳಲು ಕಾರಣವುಂಟು. ಬರಗಾಲದಲ್ಲಿ, ಬಡತನದಲ್ಲಿ ಐರ್ಲೆಂಡ್ ಬಿಟ್ಟು ಅಮೆರಿಕ ಸೇರಿದವರ ಮೊಮ್ಮಕ್ಕಳು ಅಲ್ಲಿ ಲಕ್ಷಾಂತರ ಇದ್ದಾರೆ. ನೋಟರ್‌ ಡೇಮ್ ವಿಶ್ವವಿದ್ಯಾಲಯದ ತಂಡದ ಹೆಸರೇ ‘ಫೈಟಿಂಗ್ ಐರಿಶ್’. ಅದು 2012ರ ಸೆಪ್ಟೆಂಬರ್ 1ರಂದು ನೌಕಾ ಅಕಾಡೆಮಿಯ ವಿರುದ್ಧ ಡಬ್ಲಿನ್‌ನಲ್ಲಿ ಆಡಿ 50–10ರಿಂದ ಗೆದ್ದಾಗ, ಅಮೆರಿಕದಿಂದಲೇ 30 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಅವರಿಗೆ ಅದು ಪಂದ್ಯವೂ ಹೌದು, ಮುತ್ತಜ್ಜನ ಊರು ನೋಡುವ ನೆಪವೂ ಹೌದು. ಭರತ ಹುಣ್ಣಿಮೆಗೆ ನಮ್ಮ ಕಡೆಯವರು ಚಕ್ಕಡಿ ಕಟ್ಟಿ, ಬುತ್ತಿ ಹೊತ್ತು ನರಗುಂದ ದಾಟಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವುದಿಲ್ಲವೇ? ದರ್ಶನ ಕ್ಷಣಮಾತ್ರದ್ದು, ನೆನಪಿನಲ್ಲಿ ಉಳಿಯುವುದು ದಾರಿಯ ನಾಲ್ಕು ದಿನ.

ಇದರಲ್ಲಿ ವ್ಯಾಪಾರವಿಲ್ಲ ಎಂದಲ್ಲ. ಡಬ್ಲಿನ್ ಪಂದ್ಯದ ಹೆಸರಿನಲ್ಲೇ ಏರ್ ಲಿಂಗಸ್ ಎಂಬ ವಿಮಾನ ಕಂಪನಿಯ ಹೆಸರಿದೆ. ಹೋಟೆಲಿನವರಿಗೆ, ಟ್ಯಾಕ್ಸಿಯವರಿಗೆ, ನಮ್ಮ ಅಕ್ಕನಂಥವರಿಗೆ ಆ ವಾರ ಕೈತುಂಬ ಕೆಲಸ. ಆದರೆ ಮೈಮುರಿದು ಆಡುವ ಹುಡುಗರಿಗೆ ಬಹುಕಾಲ ವಿದ್ಯಾರ್ಥಿವೇತನ ಬಿಟ್ಟು ಏನೂ ಸಿಗುತ್ತಿರಲಿಲ್ಲ. ತರಬೇತುದಾರರು ಮಾತ್ರ ಕೋಟಿಗಟ್ಟಲೆ ಸಂಬಳ ಪಡೆಯುತ್ತಿದ್ದರು. 2021ರಲ್ಲಿ ಆಟಗಾರರಿಗೆ ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸಲು ಅನುಮತಿ ಸಿಕ್ಕಿತು. ವಿಶ್ವವಿದ್ಯಾಲಯವೇ ಅವರಿಗೆ ನೇರವಾಗಿ ಹಣ ಕೊಡಬಹುದು ಎಂದಾಗಿದ್ದು 2025ರ ಜುಲೈನಲ್ಲಿ. ಹಣದ ವಿಷಯದಲ್ಲಿ ಅಲ್ಲಿನ ಹುಡುಗರೂ ಬಹಳ ಕಾಲ ಕಾಯಬೇಕಾಯಿತು.

ಬೆಂಗಳೂರು ತಂಡ, ಕೊಲಂಬೊ ಮೈದಾನ

ಈ ಆಟ ನಮ್ಮಲ್ಲಿಗೂ ಬಂದಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. 2011ರಲ್ಲಿ ‘ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ’ ಎಂಬ ವೃತ್ತಿಪರ ಲೀಗ್ ಘೋಷಣೆಯಾಯಿತು. ಅಮೆರಿಕದ ಹೆಸರಾಂತ ತರಬೇತುದಾರ ಮೈಕ್ ಡಿಟ್ಕಾ, ನಟ ಮಾರ್ಕ್ ವಾಲ್‌ಬರ್ಗ್ ಅವರಂಥವರು ಬೆನ್ನಿಗೆ ನಿಂತರು. ಎಂಟು ತಂಡಗಳಲ್ಲಿ ನಮ್ಮದೂ ಒಂದಿತ್ತು. ಅದರ ಹೆಸರು ಬೆಂಗಳೂರು ವಾರ್‌ಹಾಕ್ಸ್. 2012ರಲ್ಲಿ ಮೊದಲ ಋತುವಿನ ಪಂದ್ಯಗಳನ್ನು ಶ್ರೀಲಂಕಾದ ಕೊಲಂಬೊದಲ್ಲಿ ಆಡಿಸಿ, ಚಿತ್ರೀಕರಿಸಿ, ಆಮೇಲೆ ಟಿ.ವಿ.ಯಲ್ಲಿ ತೋರಿಸಿದರು. ಬೇರೆ ಬೇರೆ ಆಟಗಳಿಂದ ಬಂದ ನಮ್ಮ ಹುಡುಗರು ಮೊದಲ ಬಾರಿ ಹೆಲ್ಮೆಟ್, ಭುಜಕವಚ ತೊಟ್ಟು ಆಡಿದರು. ಲೀಗ್ ಬಹಳ ಕಾಲ ಬಾಳಲಿಲ್ಲ.

2012 ಎಂಬ ಒಂದೇ ವರ್ಷದಲ್ಲಿ ಈ ಎರಡೂ ನಡೆದವು. ಎರಡು ಕಡೆಯೂ ಅದೇ ಆಟ, ಪರದೇಶದ ಮೈದಾನ, ಅಮೆರಿಕದ ದುಡ್ಡು. ಡಬ್ಲಿನ್‌ಗೆ ತಂಡದ ಹಿಂದೆ ಊರಿಗೆ ಊರೇ ಬಂದಿತ್ತು. ಕೊಲಂಬೊಕ್ಕೆ ‘ಇದು ನಮ್ಮ ಕಾಲೇಜು, ಇವ ನಮ್ಮ ಓಣಿಯ ಹುಡುಗ’ ಎನ್ನುವವರು ಬೆಂಗಳೂರಿನಿಂದ ಹೋಗಿರಲಿಲ್ಲ. ಹೆಸರಾಂತರು, ಕ್ಯಾಮೆರಾ, ಪ್ರಾಯೋಜಕರು ಇದ್ದರೂ ಒಂದು ತಂಡ ಒಂಟಿಯಾಗಬಹುದು ಎಂದು ಆಗ ನನಗೆ ಹೊಳೆಯಿತು. ನಮ್ಮ ಏಳು ಹುಡುಗಿಯರೂ ಅಂದು ಒಂಟಿಯಾಗಿದ್ದರು.

ಹೊಲ ಬಂತು, ಮೈದಾನ ಬರಲಿಲ್ಲ

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಮೂಲ ಮಾದರಿ ಈ ಅಮೆರಿಕದ ಕಾಲೇಜುಗಳೇ. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಆರಂಭವಾದಾಗ ನೆರವಿಗೆ ಬಂದದ್ದು ಟೆನೆಸಿ ವಿಶ್ವವಿದ್ಯಾಲಯ. ಅದರಿಂದ ಕವಲೊಡೆದು 1986ರಲ್ಲಿ ಧಾರವಾಡದ್ದು ಹುಟ್ಟಿತು. ಪಕ್ಕದ ಆಂಧ್ರದ ಕೃಷಿ ವಿಶ್ವವಿದ್ಯಾಲಯ ಕಟ್ಟಲು ಕೈಜೋಡಿಸಿದ್ದು ಯಾರು ಗೊತ್ತೇ? ಮೊನ್ನೆ ಡಬ್ಲಿನ್‌ನಲ್ಲಿ ಸೋತ ಅದೇ ಕ್ಯಾನ್ಸಾಸ್ ಸ್ಟೇಟ್. ಸಂಶೋಧನೆ, ಬೋಧನೆ, ರೈತರಿಗೆ ವಿಸ್ತರಣಾ ಸೇವೆ ಎಂಬ ಮೂರನ್ನೂ ಒಂದೇ ಸೂರಿನಡಿ ತರುವ ಕ್ರಮವನ್ನು ನಾವು ಅವರಿಂದ ಪಡೆದೆವು. ಅಪ್ಪ ಧಾರವಾಡದ ಕೃಷಿ ಮೇಳಕ್ಕೆ ಹೋಗಿ ಕಡಲೆ ಬೀಜ ತರುವುದರ ಹಿಂದೆ ಇಷ್ಟು ದೊಡ್ಡ ಕಥೆಯಿದೆ.

ಆದರೆ ಆ ಕಾಲೇಜುಗಳ ಇನ್ನೊಂದು ಅರ್ಧ ನಮ್ಮಲ್ಲಿಗೆ ಬರಲಿಲ್ಲ. ಟೆನೆಸಿಯ ಕ್ರೀಡಾಂಗಣ ಒಂದು ಲಕ್ಷ ಜನರನ್ನು ಹಿಡಿಯುತ್ತದೆ. ಅಯೋವಾ ಸ್ಟೇಟ್ ಇರುವ ಏಮ್ಸ್ ಪಟ್ಟಣದಲ್ಲಿ ಹೆಚ್ಚುಕಡಿಮೆ ನಮ್ಮ ನರಗುಂದ, ಗಜೇಂದ್ರಗಡ ಎರಡನ್ನೂ ಕೂಡಿಸಿದಷ್ಟು ಜನ. ಅಲ್ಲಿನ ಕಾಲೇಜು ಮೈದಾನದಲ್ಲಿ 60 ಸಾವಿರ ಜನ ಕೂರಬಹುದು. ಅಂಥ ಕಟ್ಟಡ ನಮಗೆ ಬೇಕು ಎಂದು ನಾನು ಹೇಳುತ್ತಿಲ್ಲ. ನಮಗಿಲ್ಲದ್ದು, ಕಾಲೇಜು ತಂಡ ಎಂದರೆ ‘ಊರಿನ ತಂಡ’ ಎಂಬ ಭಾವನೆ. ನಮ್ಮಲ್ಲಿ ಕಬಡ್ಡಿ ಪಂದ್ಯಾವಳಿ ಇಟ್ಟರೆ ರಾತ್ರಿಯಿಡೀ ಜನ ಕೂರುತ್ತಾರೆ, ಕುಸ್ತಿ ನೋಡಲು ಜಾತ್ರೆಗೆ ಮುಗಿಬೀಳುತ್ತಾರೆ. ಅದೇ ಕಾಲೇಜಿನ ಹುಡುಗಿಯರು ಬೆಳಗಿನ ಬಸ್ಸಿಗೆ ಕಿಟ್ ಹೊತ್ತು ನಿಂತರೆ, ‘ಎಲ್ಲಿಗೆ ಹೊಂಟ್ರಿ?’ ಎಂದು ಕೇಳುವವರೂ ಇರುವುದಿಲ್ಲ.

ಆಟಕ್ಕೆ ಶಕ್ತಿಯಿಲ್ಲ ಎನ್ನುವಂತಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ನಮ್ಮ ಓಣಿಯ ಆಟ ಆಡಲು ಪರದೇಶದ ತಂಡಗಳು ಇಲ್ಲಿಗೆ ಬಂದವು. ಮಹಿಳೆಯರ ಫೈನಲ್‌ನಲ್ಲಿ ಭಾರತ 78–40ರಿಂದ ನೇಪಾಳವನ್ನು ಸೋಲಿಸಿತು. ಪಂದ್ಯದ ಶ್ರೇಷ್ಠ ಆಟಗಾರ್ತಿಯಾದವರು ಮೈಸೂರು ಜಿಲ್ಲೆಯ ಹಳ್ಳಿಯ ಹುಡುಗಿ ಬಿ. ಚೈತ್ರಾ. ಅವರಿಗೂ ಒಂದು ದಿನ ಊರು ಬಿಟ್ಟು ಮೊದಲ ಪಂದ್ಯಕ್ಕೆ ಹೊರಡುವ ಬೆಳಗು ಬಂದಿರಲೇಬೇಕು. ಆ ದಿನ ಮನೆಯವರು ‘ಬ್ಯಾಡ’ ಎಂದಿದ್ದರೆ?

ಹುಡುಗಿಯರಿಗೆ ಟಿಕೆಟ್ ಇಲ್ಲ, ಅಪ್ಪಂದಿರಿಗೆ ಉಂಟು

ಇದನ್ನೆಲ್ಲ ಓದಿ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ದಸರಾ ಮುಗಿದ ಮೇಲೆ ಒಂದು ಸಂಜೆ ತಂಗಿ ಮುಖ ಸಣ್ಣ ಮಾಡಿಕೊಂಡು ಬಂದಳು. ಅವಳೀಗ ಅದೇ ಕಾಲೇಜಿನಲ್ಲಿ ಎರಡನೇ ವರ್ಷ, ಅದೇ ಖೋಖೋ ತಂಡ. ಪಂದ್ಯ ಧಾರವಾಡದಲ್ಲಿ, ಒಂದು ರಾತ್ರಿ ಉಳಿಯಬೇಕು. ನಾಲ್ಕು ಹುಡುಗಿಯರ ಮನೆಯಲ್ಲಿ ಒಪ್ಪಿಲ್ಲ. ನಮ್ಮ ಮನೆಯಲ್ಲಿ ಅವಳಿನ್ನೂ ಕೇಳಿರಲೇ ಇಲ್ಲ.

ನನ್ನ ಕಾಲಕ್ಕಿಂತ ಒಂದು ತೊಡಕು ಕಡಿಮೆಯಾಗಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಚಾರ್ಜ್ ಇಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಆದರೆ ‘ಬ್ಯಾಡವ್ವಾ’ ಎಂಬ ಮಾತಿಗೆ ಯಾವ ಯೋಜನೆಯೂ ಇಲ್ಲವಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಅಪ್ಪನಿಗೆ ಅಕ್ಕನ ವಿಡಿಯೊ ತೋರಿಸಿದೆ. ನೇರಳೆ ಅಂಗಿ ತೊಟ್ಟ ಕ್ಯಾನ್ಸಾಸ್‌ನ ಮುದುಕ, ಕೆಂಪು–ಹಳದಿ ಟೊಪ್ಪಿಗೆಯ ಅಯೋವಾದ ಮುದುಕಿ. ‘ಇವರೆಲ್ಲಾ ರೈತ್ರು ಅಪ್ಪಾ, ಜ್ವಾಳ ಬೆಳೆಯೋರು. ಕಾಲೇಜ್ ಹುಡುಗೂರ ಆಟಾ ನೋಡಾಕ ಸಮುದ್ರ ದಾಟಿ ಬಂದಾರ’ ಅಂದೆ.

‘ಬಿಡವ್ವಾ, ಅವರಿಗೆ ರೊಕ್ಕ ಐತಿ’ ಅಂದ ಅಪ್ಪ.

‘ಧಾರವಾಡಕ್ಕ ಎಷ್ಟ್ ರೊಕ್ಕ ಬೇಕು? ತಂಗೀನ ಕಳಿಸು ಅನ್ನಾಂಗಿಲ್ಲ ನಾನು. ನೀನೂ ಬಾ ಅಂತೇನಿ.’

ಅಪ್ಪ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. ‘ನಾ ಬಂದ್ ಏನ್ ಮಾಡ್ಲಿ?’

‘ಕುಂತು ನೋಡು.’

ಮರುದಿನ ತಂಗಿಯನ್ನು ಕರೆದುಕೊಂಡು ಆ ನಾಲ್ಕೂ ಮನೆಗಳಿಗೆ ಹೋದೆ. ‘ಕಳಿಸ್ರಿ’ ಎಂದು ಎಲ್ಲಿಯೂ ಕೇಳಲಿಲ್ಲ. ‘ನೀವೂ ಬರ್ರಿ, ನಮ್ಮಪ್ಪ ಬರಾಕತ್ತಾನ’ ಎಂದೆ. ಎರಡು ಮನೆಯವರು ಬರುತ್ತೇವೆ ಎಂದರು. ಮೂರನೆಯ ಮನೆಯವರು, ‘ನಿಮ್ಮಪ್ಪ ಇದ್ರ ಸಾಕು, ಕರ್ಕೊಂಡ್ ಹೋಗ್ರಿ’ ಎಂದರು. ನಾಲ್ಕನೆಯ ಮನೆಯಲ್ಲಿ ಬಾಗಿಲಲ್ಲೇ ‘ಇಲ್ಲ’ ಎಂದರು. ಆ ಹುಡುಗಿ ಒಳಗಿನಿಂದ ನೋಡುತ್ತಿದ್ದಳು. ಅವಳ ಮುಖ ನನಗೆ ಗುರುತಿದ್ದ ಮುಖ.

ಬೆಳಗಿನ ಬಸ್ಸಿಗೆ ರೋಣ ಬಸ್ ನಿಲ್ದಾಣದಲ್ಲಿ ಹನ್ನೊಂದು ಹುಡುಗಿಯರು, ಇಬ್ಬರು ತಾಯಂದಿರು, ನಾನು, ಅಪ್ಪ ನಿಂತಿದ್ದೆವು. ಕಂಡಕ್ಟರ್ ಎಲ್ಲರಿಗೂ ಶೂನ್ಯ ಟಿಕೆಟ್ ಹರಿದು ಕೊಟ್ಟು ಅಪ್ಪನ ಎದುರು ಕೈ ಚಾಚಿದ. ‘ಇಷ್ಟು ಮಂದ್ಯಾಗ ನಾ ಒಬ್ಬನ ರೊಕ್ಕ ಕೊಡೋನು’ ಎಂದು ಅಪ್ಪ ಅಂಗಿ ಜೇಬಿಗೆ ಕೈ ಹಾಕಿದಾಗ ಬಸ್ಸೆಲ್ಲ ನಕ್ಕಿತು.

ಗೆಳೆಯ ಗೆಳತಿಯರೇ, ನಿಮ್ಮ ಕಾಲೇಜಿನ ಪ್ರವೇಶ ಶುಲ್ಕದ ರಸೀದಿಯಲ್ಲಿ ‘ಕ್ರೀಡಾ ಶುಲ್ಕ’ ಎಂಬ ಸಾಲು ಇದೆಯೇ ನೋಡಿ. ಇದ್ದರೆ ಅದು ಯಾವುದಕ್ಕೆ ಖರ್ಚಾಗುತ್ತದೆ ಎಂದು ವಿನಯದಿಂದಲೇ ಕೇಳಿ. ತಂಡ ಊರು ಬಿಡುವ ದಿನ ಹತ್ತು ಜನ ಬಸ್ ನಿಲ್ದಾಣಕ್ಕೆ ಹೋಗಿ. ಆಟ ಬಿಟ್ಟವರು ನೀವಾಗಿದ್ದರೆ, ನಿಮ್ಮ ಓಣಿಯ ಕಿರಿಯರ ಮನೆಬಾಗಿಲು ತಟ್ಟಿ. ಇವಕ್ಕೆ ವಿಮಾನ ಬೇಕಿಲ್ಲ, ಪ್ರಾಯೋಜಕರೂ ಬೇಕಿಲ್ಲ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಈ ಅಮೆರಿಕನ್ ಆಟದ ಸರಳ ರೂಪವಾದ ಫ್ಲ್ಯಾಗ್ ಫುಟ್‌ಬಾಲ್ ಸೇರಿದೆ. ಅದರಲ್ಲಿ ಮೈಮೇಲೆ ಬೀಳುವುದಿಲ್ಲ. ಎದುರಾಳಿಯ ಸೊಂಟದ ಪಟ್ಟಿ ಕಿತ್ತರೆ ಸಾಕು. ನಾಳೆ ನಮ್ಮ ಹುಡುಗಿಯರು ಅದನ್ನೂ ಆಡಬಹುದು. ಆಟ ಯಾವುದಾದರೂ ಆಗಲಿ, ಮೊದಲ ಹತ್ತು ಗಜ ಮನೆಯ ಹೊಸ್ತಿಲಿಂದ ಬಸ್ ನಿಲ್ದಾಣದವರೆಗಿನದು.

ಧಾರವಾಡದಲ್ಲಿ ತಂಗಿಯ ತಂಡ ಎರಡು ಅಂಕದಿಂದ ಸೋತಿತು. ಆದರೆ ಆಡಿ ಸೋತಿತು. ನನ್ನ ಅರ್ಜಿಯ ಆ ಕಾಲಂ ಇನ್ನೂ ಖಾಲಿಯೇ ಇದೆ, ಇನ್ನು ತುಂಬುವುದೂ ಇಲ್ಲ. ತಂಗಿಗೆ ಇನ್ನೂ ಒಂದು ವರ್ಷವಿದೆ.

ಬರುವಾಗ ಹುಡುಗಿಯರೆಲ್ಲ ದಣಿದು ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆಹೋಗಿದ್ದರು. ಖೋಖೋದಲ್ಲಿ ಎಷ್ಟು ಜನ ಆಡುತ್ತಾರೆ ಎಂಬುದೂ ಹಿಂದಿನ ದಿನದವರೆಗೆ ಗೊತ್ತಿಲ್ಲದಿದ್ದ ಅಪ್ಪ ಮಾತ್ರ ನವಲಗುಂದ ದಾಟಿ ನರಗುಂದ ಬಂದರೂ ಸುಮ್ಮನಾಗಲಿಲ್ಲ. ‘ಆ ಹುಡುಗಿ ಗೆರಿ ದಾಟಿದ್ದು ನಾ ನನ್ನ ಕಣ್ಣಾರೆ ನೋಡೇನಿ. ಫೌಲ್ ಕೊಡಬೇಕಿತ್ತು ಅಂವ. ಆ ಎರಡು ಪಾಯಿಂಟ್ ನಮ್ಮವು!’